ನೀಲಿಯಾಗಿಯೇ ಉಳಿದ ಮಣಿಗಳು

"ಇದು ಯಾಕೆ ಇನ್ನೂ ನೀಲಿಯಾಗಿದೆ?" ಎಂದರು ಸರ್ವೇಯರ್.

ಕಾಗದ ಒಣಗಿಸುವ ಯಂತ್ರದ ಪಕ್ಕದ ಕಬ್ಬಿಣದ ಅಟ್ಟದ ಮೇಲೆ, ಕೆಟ್ಟು ನಿಂತ ಗೇರ್‌ಬಾಕ್ಸ್‌ನ ಮುಂದೆ ಅವರು ಮಂಡಿಯೂರಿ ಕೂತಿದ್ದರು. ಕೈಯಲ್ಲಿ ಆಗಷ್ಟೇ ತಿರುಗಿಸಿ ಬಿಚ್ಚಿದ ಬ್ರೀದರ್. ಲೋಟದಷ್ಟು ದೊಡ್ಡ ಗಾಜಿನಂಥ ಪ್ಲಾಸ್ಟಿಕ್ ಡಬ್ಬಿ. ಒಳಗೆ ತುಂಬ ನೀಲಿ ಮಣಿಗಳು.

ನಾನು ಎಣ್ಣೆ ಸ್ಯಾಂಪಲ್ಲಿನ ಸೀಸೆಗಳನ್ನು ಹಿಡಿದು ಅವರ ಹಿಂದೆ ನಿಂತಿದ್ದೆ. ಈ ಗೇರ್‌ಬಾಕ್ಸ್‌ನ ಎಣ್ಣೆಗೆ ಯಾರೋ ಬೇಕೆಂದೇ ಗ್ರೈಂಡಿಂಗ್ ಪೇಸ್ಟ್ ಬೆರೆಸಿದ್ದಾರೆ ಎಂದು ಪತ್ತೆ ಮಾಡಿದ್ದು ನನ್ನ ಪರೀಕ್ಷೆಯೇ. ಲೋಹವನ್ನು ಉಜ್ಜಿ ನಯ ಮಾಡುವ ಆ ಪೇಸ್ಟು ಗೇರಿನ ಹಲ್ಲುಗಳನ್ನು ಒಳಗಿಂದೊಳಗೇ ತಿಂದು ಹಾಕಿತ್ತು. ಬಿರಿದ ಹೊದಿಕೆಯಿಂದ ಚಿಮ್ಮಿದ ಬಿಸಿ ಎಣ್ಣೆಗೆ ಸಿಕ್ಕ ಆಪರೇಟರ್ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದರು.

ಮತ್ತು ಇಡೀ ಕಾರ್ಖಾನೆ ಅಕ್ಕನ ಕಡೆ ಬೆರಳು ತೋರಿಸುತ್ತಿತ್ತು. ಎಣ್ಣೆಯ ಸ್ಟೋರು ಅವಳ ಸುಪರ್ದಿ. ಅವಳ ಕೈ ದಾಟದೆ ಒಂದು ತೊಟ್ಟು ಎಣ್ಣೆಯೂ ಯಂತ್ರಕ್ಕೆ ಹೋಗುವುದಿಲ್ಲ.

"ಸಾಯಂಕಾಲದೊಳಗೆ ಬೇರೆ ಹೆಸರಿದ್ರೆ ಹೇಳಿ ಮೇಡಂ. ಇಲ್ಲಾಂದ್ರೆ ನಾನು ಪೊಲೀಸರನ್ನ ಕರೀತೀನಿ," ಎಂದು ಮ್ಯಾನೇಜರ್ ಇವತ್ತು ಬೆಳಿಗ್ಗೆ, ಎರಡು ದಿನದ ಹಿಂದೆ ವಿಮಾ ಕಂಪನಿಯಿಂದ ಬಂದ ಈ ಸರ್ವೇಯರ್‌ಗೆ ಹೇಳಿದ್ದರು.

"ಏನಮ್ಮ, ಕೇಳಿದ್ದು ನಿನ್ನನ್ನೇ," ಎಂದರು ಸರ್ವೇಯರ್, ತಿರುಗದೆ. ಕೆಲಸಗಾರರು ಅವರಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು, ಇಷ್ಟವೂ ಆಗಿತ್ತು. "ಮಣಿ ಯಾಕೆ ನೀಲಿ ಇದೆ?"

"ಒಣಗಿದ್ರೆ ನೀಲಿ ಇರುತ್ತೆ ಮೇಡಂ. ನೀರು ಹೀರಿದ್ರೆ ಗುಲಾಬಿ ಆಗುತ್ತೆ."

"ನೀರು ಎಲ್ಲಿಂದ ಬರುತ್ತೆ?"

"ಗಾಳಿಯಿಂದ. ಗೇರ್‌ಬಾಕ್ಸ್ ಕಾದಾಗ ಉಸಿರು ಬಿಡುತ್ತೆ, ತಣಿದಾಗ ಎಳ್ಕೊಳ್ಳುತ್ತೆ. ಎಳ್ಕೊಳ್ಳೋ ಗಾಳಿ ಇದರೊಳಗಿಂದಾನೇ ಹೋಗ್ಬೇಕು. ತೇವ, ದೂಳು ಎಲ್ಲ ಇಲ್ಲೇ ನಿಲ್ಲುತ್ತೆ. ಒಳಗಿನ ಎಣ್ಣೆ ಚೊಕ್ಕಟವಾಗಿರುತ್ತೆ."

ಒಂದೇ ಉಸಿರಿಗೆ ಇಷ್ಟು ಮಾತಾಡಿ ನನಗೇ ನಾಚಿಕೆಯಾಯಿತು. ಅವರು ಸುತ್ತ ನೋಡಿದರು. ಒದ್ದೆ ಕಾಗದದ ಹಬೆ ಇಲ್ಲಿ ಗೋಡೆಗೂ ಬೆವರು ತರಿಸುತ್ತದೆ. ಅಟ್ಟದ ಕಂಬಿ ಮುಟ್ಟಿದರೆ ಅಂಗೈ ಒದ್ದೆ.

"ಇಂಥ ಜಾಗದಲ್ಲಿ ಇದು ಎಷ್ಟು ಬೇಗ ಗುಲಾಬಿ ಆಗ್ಬೇಕು?"

"ಬೇಗ. ಕೆಳಗಿಂದ ಶುರುವಾಗಿ ಮೇಲಕ್ಕೆ ಹತ್ತುತ್ತೆ. ಅರ್ಧಕ್ಕೆ ಬಂದ ತಕ್ಷಣ ಅಕ್ಕ ಬದಲಾಯಿಸ್ತಾಳೆ. ಬಿಚ್ಚಿದಾಗ ತೂತಿನೊಳಗೆ ಟಾರ್ಚ್ ಬಿಟ್ಟು ಎಣ್ಣೆ ಹೇಗಿದೆ ಅಂತಾನೂ ನೋಡ್ತಾಳೆ. ದಿನಾ ಬೆಳಿಗ್ಗೆ ಎಲ್ಲ ಯಂತ್ರಕ್ಕೂ ಒಂದು ರೌಂಡು ಹೊಡೀತಾಳೆ."

"ದಿನಾ?"

"ಜ್ವರ ಬಂದ್ರೂ."

"ಭೇಷ್," ಎಂದರು ಅವರು. ಒಂದೇ ಶಬ್ದ. ಅದು ನನ್ನ ಎದೆಗೆ ಸಣ್ಣ ಮುಳ್ಳಿನ ಹಾಗೆ ಹೊಕ್ಕಿತು. ಎರಡು ದಿನದಿಂದ ಇವರ ಹಿಂದೆ ನೆರಳಿನಂತೆ ತಿರುಗಿದವಳು ನಾನು. ಪೇಸ್ಟ್ ಕಂಡುಹಿಡಿದವಳು ನಾನು. ಭೇಷ್ ಮಾತ್ರ, ಇಲ್ಲಿ ಇಲ್ಲದ ಅಕ್ಕನಿಗೆ.

ಚಿಕ್ಕಂದಿನಿಂದ ಹೀಗೇ. ಮನೆಗೆ ಬಂದವರು ನನ್ನ ಕೆನ್ನೆ ಮುಟ್ಟಿ ಅಕ್ಕನ ಬಗ್ಗೆ ಕೇಳುತ್ತಿದ್ದರು.

ಸರ್ವೇಯರ್ ಡಬ್ಬಿಯನ್ನು ಬೆಳಕಿಗೆ ಹಿಡಿದರು. "ಹೊರಗಡೆ ನೋಡು. ಕಾಗದದ ದೂಳು ಹೆಪ್ಪುಗಟ್ಟಿ ಕೂತಿದೆ. ಉಗುರಲ್ಲಿ ಕೆರೆದ್ರೂ ಬರಲ್ಲ. ಇದು ಹಳೇ ಡಬ್ಬಿ. ಒಳಗಿನ ಮಣಿ ಮಾತ್ರ ನಿನ್ನೆ ಹುಟ್ಟಿದ ಹಾಗಿದೆ. ಮುದುಕನಿಗೆ ಹಾಲುಹಲ್ಲು."

ನಾನು ಹತ್ತಿರ ಬಾಗಿದೆ. ಮುಚ್ಚಳದ ಅಂಚಿನಲ್ಲಿ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದ ಗೀರುಗಳಿದ್ದವು. ನೀಲಿಯ ನಡುವೆ ಅಲ್ಲಲ್ಲಿ ಸೀಳಿಹೋದ, ಕಪ್ಪಿಗೆ ತಿರುಗಿದ ಮಣಿಗಳೂ ಇದ್ದವು.

"ಯಾರೋ ಗುಲಾಬಿ ಮಣಿಗಳನ್ನ ಹೊರಗೆ ತೆಗೆದು ಕಾಯಿಸಿದಾರೆ," ಎಂದೆ. "ಕಾಯಿಸಿದ್ರೆ ನೀರು ಹೋಗಿ ಮತ್ತೆ ನೀಲಿ ಆಗುತ್ತೆ. ಆದ್ರೆ ಬಿಸಿ ಜಾಸ್ತಿಯಾಗಿದೆ. ಅದಕ್ಕೇ ಕೆಲವು ಸೀಳಿವೆ."

"ಯಾತಕ್ಕೆ ಇಷ್ಟು ಒದ್ದಾಟ? ಪೇಸ್ಟ್ ಸುರಿಯೋಕೆ ತೂತು ಬೇಕಿತ್ತು, ಬಿಚ್ಚಿದ್ರು, ಸುರಿದ್ರು. ಹಾಗೇ ಮುಚ್ಚಿ ಹೋಗಬಹುದಿತ್ತಲ್ಲ?"

ನನಗೆ ಉತ್ತರ ಹೊಳೆಯಿತು. ಹೊಳೆದ ತಕ್ಷಣ ಅದನ್ನು ನುಂಗಿಬಿಡೋಣ ಎನ್ನಿಸಿತು. ಅವರು ಕಾಯುತ್ತಿದ್ದರು.

"ಗುಲಾಬಿ ಇದ್ದಿದ್ರೆ ಮಾರನೇ ಬೆಳಿಗ್ಗೆ ಅಕ್ಕ ಬದಲಾಯಿಸೋಕೆ ಬಿಚ್ತಿದ್ಲು," ಎಂದೆ ಮೆಲ್ಲಗೆ. "ಟಾರ್ಚ್ ಬಿಡ್ತಿದ್ಲು. ಎಣ್ಣೆ ಬೂದಿ ಬಣ್ಣಕ್ಕೆ ತಿರುಗಿದ್ದು ಕಾಣ್ತಿತ್ತು. ನೀಲಿ ಇದ್ರೆ ಮುಟ್ಟದೆ ಮುಂದಕ್ಕೆ ಹೋಗ್ತಾಳೆ."

"ಅಂದ್ರೆ ಈ ಆಟ ಆಡಿದ್ದು ನಿಮ್ಮಕ್ಕನ ಕಣ್ಣಿಗೆ ಮಣ್ಣೆರಚೋಕೆ." ಅವರು ಎದ್ದು ಮಂಡಿಯ ದೂಳು ಕೊಡವಿಕೊಂಡರು. "ತನ್ನ ಕಣ್ಣಿಗೆ ತಾನೇ ಮಣ್ಣೆರಚ್ಕೊಳ್ಳೋ ಪೆದ್ದರನ್ನ ನಾನಂತೂ ನೋಡಿಲ್ಲ. ನಿಮ್ಮಕ್ಕ ಬಚಾವಾದ್ಲು ಅಂತ ಕಾಣುತ್ತೆ."

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ತಳದಲ್ಲಿ ಕೂತ ಗಸಿ ಬೇರೆಯೇ ಇತ್ತು. ಈಗ ಮ್ಯಾನೇಜರ್ ಅವಳ ಕೈ ಹಿಡಿದು ಕ್ಷಮೆ ಕೇಳುತ್ತಾರೆ. ಅಮ್ಮ ಅವಳನ್ನು ತಬ್ಬಿಕೊಂಡು ಅಳುತ್ತಾಳೆ. ಮದುವೆ ನಿಶ್ಚಯವಾದ ದಿನಕ್ಕೇ ನಡೆಯುತ್ತದೆ.

ಮದುವೆ.

ಅವಳು ಮದುವೆಯಾಗಲಿರುವ, ರಿಪೇರಿ ವಿಭಾಗದ ಫಿಟ್ಟರ್ ಮೊದಲು ಬಂದದ್ದು ನನ್ನ ಪರೀಕ್ಷೆಯ ಕೋಣೆಗೆ. ಹೊಸದಾಗಿ ಸೇರಿದ್ದರು, ದಾರಿ ತಿಳಿಯದೆ ಬಾಗಿಲಲ್ಲಿ ನಿಂತು "ಎಣ್ಣೆ ಎಲ್ಲಿ ಕೊಡ್ತಾರೆ?" ಎಂದು ಕೇಳಿದರು. ನಾಲಿಗೆ ಒಣಗಿ ನನಗೆ ಮಾತು ಬರಲಿಲ್ಲ. ಬೆರಳು ಚಾಚಿ ಅಕ್ಕನ ಸ್ಟೋರಿನ ಕಡೆ ತೋರಿಸಿದೆ. ಅವರು ಆ ಕಡೆ ಹೋದರು. ಈಗ "ಭಾವ ಅನ್ನೇ" ಎಂದು ಅಮ್ಮ ಗದರುತ್ತಾಳೆ. ಅನ್ನುತ್ತೇನೆ.

*

ಸ್ಟೋರಿಗೆ ಬೀಗ ಜಡಿದು ಮ್ಯಾನೇಜರ್ ಅರಗಿನ ಮುದ್ರೆ ಹಾಕಿಸಿದ್ದರು. ಅಕ್ಕ ಹೊರಗಿನ ಬೆಂಚಿನ ಮೇಲೆ ಕೂತು, ನೂಲು ಬಿಡದ ಬಟ್ಟೆಯಿಂದ ಹಸಿರು ಕ್ಯಾನಿನ ಮೂತಿಯನ್ನು ಒರೆಸುತ್ತಿದ್ದಳು. ಹಸಿರು ಗೇರಿನ ಎಣ್ಣೆಗೆ, ಕೆಂಪು ಪಂಪಿಗೆ, ಹಳದಿ ಕಂಪ್ರೆಸರಿಗೆ. ಒಂದರ ಕ್ಯಾನು ಇನ್ನೊಂದಕ್ಕೆ ತಾಕಬಾರದು. ಹೊಸ ಡ್ರಮ್ಮಿನ ಎಣ್ಣೆಯನ್ನೂ ಸೋಸದೆ ಬಿಡುವವಳಲ್ಲ. "ಹೊಸದು ಅಂದ್ರೆ ಶುದ್ಧ ಅಂತ ಯಾರು ಹೇಳಿದ್ದು?" ಎಂದು ಎಲ್ಲರ ಬಾಯಿ ಮುಚ್ಚಿಸುವಳು.

ಅಪರಾಧಿ ಎನ್ನಿಸಿಕೊಂಡು ಬೀದಿಗೆ ಬಿದ್ದ ದಿನವೂ ಅವಳ ಕಿವಿಯ ಪಕ್ಕದ ಕೂದಲು ಮುಖಕ್ಕೆ ಎಷ್ಟು ಬೇಕೋ ಅಷ್ಟೇ ಇಳಿದಿತ್ತು. ನಾನು ಕನ್ನಡಿಯ ಮುಂದೆ ಗಂಟೆಗಟ್ಟಲೆ ನಿಂತರೂ ಅದು ನನಗೆ ಬರುವುದಿಲ್ಲ.

ಫಿಟ್ಟರ್ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಅವಳಿಗೆ ನೀರಿನ ಬಾಟಲಿ ತಂದಿದ್ದರು, ಮುಚ್ಚಳ ತೆಗೆದು ಹಿಡಿದಿದ್ದರು.

"ಬಂದ್ರಾ ಸೀಸೆ ಮೇಡಂ," ಎಂದರು ನನ್ನನ್ನು ನೋಡಿ. ಸೀಸೆ ಹಿಡಿದು ತಿರುಗುವುದಕ್ಕೆ ಅವರಿಟ್ಟ ಹೆಸರು. "ನಿಮ್ಮಕ್ಕನಿಗೆ ಬುದ್ಧಿ ಹೇಳಿ. ಬೆಳಿಗ್ಗೆಯಿಂದ ಒಂದು ತುತ್ತು ತಿಂದಿಲ್ಲ."

"ನೀವು ತಿಂದ್ರಾ?" ಎಂದಳು ಅಕ್ಕ ಅವರಿಗೆ.

"ನನ್ನ ಹೊಟ್ಟೆಗೂ ನಿನ್ನ ಕೇಸಿಗೂ ಸಂಬಂಧ ಇಲ್ಲವಲ್ಲ."

ಅಕ್ಕ ನಕ್ಕಳು. ಇಂಥ ದಿನದಲ್ಲಿ ಹೇಗೆ ನಗುತ್ತಾಳೋ.

ಸರ್ವೇಯರ್ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಬ್ರೀದರನ್ನು ನಡುವೆ ಇಟ್ಟರು. "ಗೇರ್‌ಬಾಕ್ಸ್ ಒಡೆಯೋಕೆ ಮುಂಚಿನ ದಿನಗಳಲ್ಲಿ ಇದನ್ನ ನೋಡಿದ್ರಾ?"

"ದಿನಾ ನೋಡಿದೀನಿ. ಒಂದು ದಿನ ಕಾಲುಭಾಗ ಗುಲಾಬಿ ಇತ್ತು, ಇನ್ನೇನು ಅರ್ಧಕ್ಕೆ ಬರುತ್ತೆ ಅಂದ್ಕೊಂಡೆ. ಮಾರನೇ ದಿನ ಪೂರ್ತಿ ನೀಲಿ. ಇವರೇ ಬದಲಾಯಿಸಿರಬೇಕು ಅಂದ್ಕೊಂಡು ಸುಮ್ಮನಾದೆ." ಅಕ್ಕ ಫಿಟ್ಟರ್ ಕಡೆ ನೋಡಿದಳು. "ನೀವು ಬದಲಾಯಿಸಿದ್ರಿ ತಾನೆ?"

"ನಾನ್ಯಾಕೆ ಮುಟ್ಲಿ? ನಿನ್ನ ಅಪ್ಪಣೆ ಇಲ್ಲದೆ ಇಲ್ಲಿ ನಲ್ಲಿ ತಿರುಗಿಸೋ ಹಾಗಿಲ್ಲ," ಎಂದರು ಅವರು. ತಮಾಷೆಯ ದನಿಯೇ. ಆದರೆ ಬಾಟಲಿಯ ಮುಚ್ಚಳವನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ತಿರುಗಿಸಿದರು.

ಅಕ್ಕ ಬ್ರೀದರನ್ನು ಎತ್ತಿ ನೋಡಿದಳು. ಅವಳ ಹೆಬ್ಬೆರಳು ಮುಚ್ಚಳದ ಗೀರಿನ ಮೇಲೆ ಒಂದು ಸುತ್ತು ಹೋಗಿ ನಿಂತಿತು. ಸೀಳಿದ ಮಣಿಗಳನ್ನು ಕಂಡಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಕಾಯಿಸಿದಾರೆ," ಎಂದಳು. ಮುಖದ ರಕ್ತ ಇಳಿಯಿತು.

"ಹೌದು. ಈ ಕಾರ್ಖಾನೆಯಲ್ಲಿ ಬಿಸಿ ಮಾಡೋ ಓವನ್ ಎಷ್ಟಿವೆ?" ಎಂದು ಕೇಳಿದರು ಸರ್ವೇಯರ್.

ಅಕ್ಕ ಬ್ರೀದರನ್ನು ಬೆಂಚಿನ ಮೇಲೆ ಇಟ್ಟುಬಿಟ್ಟಳು.

"ಒಂದೇ," ಎಂದೆ. "ನನ್ನ ಕೋಣೆಯಲ್ಲಿ."

*

ನನ್ನ ಕೋಣೆಯಲ್ಲಿ ಐದು ಜನ ನಿಂತರೆ ಉಸಿರಾಟಕ್ಕೂ ಸರದಿ ನಿಲ್ಲಬೇಕು. ಮ್ಯಾನೇಜರ್ ಕುರ್ಚಿ ಹಿಡಿದರು. ಅಕ್ಕ ಕಿಟಕಿಯ ಹತ್ತಿರ, ಫಿಟ್ಟರ್ ಸಿಂಕಿನ ಹತ್ತಿರ. ಸರ್ವೇಯರ್ ಬಾಗಿಲನ್ನು ಎಳೆದುಕೊಂಡು ಅದಕ್ಕೆ ಬೆನ್ನು ಕೊಟ್ಟು ನಿಂತು, ಓವನ್ ತೆರೆಯಲು ನನಗೇ ಹೇಳಿದರು.

ತೆರೆದೆ. ತಟ್ಟೆಯನ್ನು ಎಳೆದೆ. ತಟ್ಟೆಯ ಹಿಂದಿನ ಮಡಿಕೆಯಲ್ಲಿ ಒಂದೇ ಒಂದು ಮಣಿ ಸಿಕ್ಕಿಕೊಂಡಿತ್ತು. ಎರಡು ಹೋಳಾಗಿ, ಕಪ್ಪಾಗಿ.

"ಅಯ್ಯೋ ದೇವರೇ," ಎಂದರು ಮ್ಯಾನೇಜರ್. ಅವರ ದನಿಯಲ್ಲಿ ಬೆರಗಿಗಿಂತ ಬೇಸರ ಜಾಸ್ತಿ ಇತ್ತು. "ಅಕ್ಕನ್ನ ಹಿಡಿಯೋಕೆ ಹೋದ್ರೆ ತಂಗಿ ಸಿಕ್ತಾಳಲ್ಲ. ಏನ್ ಹುಡುಗಿ, ನಿನ್ನ ಬಾಯಲ್ಲಿ ಮಾತೇ ಬರಲ್ಲ ಅಂತ ಎಲ್ಲರೂ ಅಂತಿದ್ರು."

"ನಾನಲ್ಲ ಸರ್."

"ಮತ್ತೆ ಮಣಿ ನಡ್ಕೊಂಡು ಬಂತಾ? ನಿಮ್ಮಕ್ಕನ ಮೇಲೆ ನಿನಗೇನು ಸಿಟ್ಟು? ಮುಂದಿನ ತಿಂಗಳು ಇಡೀ ರಿಪೇರಿ ವಿಭಾಗಕ್ಕೆ ಅವಳನ್ನೇ ಮುಖ್ಯಸ್ಥೆ ಮಾಡ್ತೀನಿ ಅಂದೆ, ಅದಕ್ಕಾ? ಅವಳು ನೋಡ್ಕೊಳ್ಳೋ ಯಂತ್ರ ಒಡೆದ್ರೆ ಅವಳಿಗೆ ಆ ಕುರ್ಚಿ ಸಿಗಲ್ಲ ಅಂತ ತಾನೆ?"

"ಸ್ವಲ್ಪ ತಾಳಿ," ಎಂದರು ಸರ್ವೇಯರ್. ನನ್ನ ಕಡೆ ತಿರುಗಿದರು. "ಈ ಓವನ್ ನೀನಲ್ಲದೆ ಬೇರೆ ಯಾರಾದ್ರೂ ಉಪಯೋಗಿಸ್ತಾರಾ?"

ನಾನು ತಟ್ಟೆಯನ್ನೇ ನೋಡುತ್ತ ನಿಂತೆ.

ದಿನಾ ಮಧ್ಯಾಹ್ನ ಒಬ್ಬರು ಈ ಕೋಣೆಗೆ ಬರುತ್ತಿದ್ದರು. ಊಟದ ಡಬ್ಬಿಯನ್ನು ನನ್ನ ಓವನ್ನಿನಲ್ಲಿಟ್ಟು ಬಿಸಿ ಮಾಡಿಕೊಳ್ಳುತ್ತಿದ್ದರು. ಪರೀಕ್ಷೆಯ ಓವನ್ನಿನಲ್ಲಿ ಅನ್ನ ಇಡಬಾರದು. ಗೊತ್ತಿದ್ದೂ ನಾನು ಬೇಡ ಎಂದಿರಲಿಲ್ಲ. ಡಬ್ಬಿ ಬಿಸಿಯಾಗುವಷ್ಟು ಹೊತ್ತು ಅವರು ಸ್ಟೂಲಿನ ಮೇಲೆ ಕೂತು ಮಾತಾಡುತ್ತಿದ್ದರು. ನಾನು ಕೇಳುತ್ತಿದ್ದೆ. ದಿನವೆಲ್ಲ ಆ ಹೊತ್ತಿಗಾಗಿಯೇ ಇರುತ್ತಿತ್ತು.

"ಮದುವೆ ಆದ್ಮೇಲೂ ಒಂದು ತೊಟ್ಟು ಗ್ರೀಸಿಗೆ ನಿಮ್ಮಕ್ಕನ ಮುಂದೆ ಕೈ ಕಟ್ಟಿ ನಿಲ್ಬೇಕು," ಎಂದಿದ್ದರು ಒಮ್ಮೆ. "ನಾಳೆ ಅವಳೇ ಮುಖ್ಯಸ್ಥೆ. ಮನೆಯಲ್ಲೂ ಅವಳೇ, ಇಲ್ಲೂ ಅವಳೇ. ನಾನು ಕಾಯ್ತಿದ್ದ ಕುರ್ಚಿ ಅದು ಗೊತ್ತಾ ಸೀಸೆ ಮೇಡಂ?" ಆ ದಿನ ನನಗೆ ಎಷ್ಟು ಹಿತವಾಗಿತ್ತೆಂದರೆ, ಅಕ್ಕನ ಮೇಲೆ ಅವರಿಗೂ ಅಸಮಾಧಾನ ಇದೆ ಎಂಬ ಗುಟ್ಟನ್ನು ಮನೆಗೆ ಹೋಗುವ ದಾರಿಯುದ್ದಕ್ಕೂ ಬಾಯಲ್ಲಿ ಕಲ್ಲುಸಕ್ಕರೆಯ ಹಾಗೆ ಇಟ್ಟುಕೊಂಡಿದ್ದೆ.

ಮತ್ತೊಂದು ದಿನ ಎರಡು ಡಬ್ಬಿ ತಂದಿದ್ದರು. ಎರಡನೆಯದು ನನಗೇ ಎಂದುಕೊಂಡೆ. ಕೈ ತೊಳೆದುಕೊಂಡು ಕಾದೆ. ಓವನ್ನಿನ ಗುಂಡಿಯನ್ನು ಅವರೇ ಕೊನೆಯವರೆಗೆ ತಿರುಗಿಸಿದ್ದರು. "ಸುಟ್ಟುಹೋಗುತ್ತೆ ಭಾವ," ಎಂದದ್ದಕ್ಕೆ "ಹಸಿವು ಜಾಸ್ತಿ," ಎಂದು ನಕ್ಕಿದ್ದರು. ಬಿಸಿಯಾದ ಮೇಲೆ ಎರಡನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದರು. ಎರಡನೆಯದು ಅಕ್ಕನಿಗಿರಬೇಕು ಎಂದು ಆ ಸಂಜೆ ನಾನು ಅಕ್ಕನ ಜೊತೆ ಮಾತಾಡಲಿಲ್ಲ.

ಈಗ ಗೊತ್ತಾಯಿತು, ಆ ಡಬ್ಬಿ ಅಕ್ಕನಿಗೂ ಅಲ್ಲ. ಅದರಲ್ಲಿ ಇದ್ದದ್ದು ಊಟವೂ ಅಲ್ಲ.

"ಕೇಳಿದ್ದು ಕೇಳಿಸ್ತಾ?" ಎಂದರು ಸರ್ವೇಯರ್.

ತಲೆಯೆತ್ತಿದೆ. ಸಿಂಕಿನ ಹತ್ತಿರ ಅವರು ನನ್ನನ್ನೇ ನೋಡುತ್ತಿದ್ದರು. ಇಷ್ಟು ದಿನದಲ್ಲಿ ಅವರು ನನ್ನ ಮುಖವನ್ನು ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು. ನನ್ನ ಬಾಯಿಂದ ಹೊರಡುವ ಒಂದು ಹೆಸರಿಗಾಗಿ ಅವರು ಉಸಿರು ಹಿಡಿದಿದ್ದರು. ಹೇಳಿದರೆ ಅಕ್ಕ ಉಳಿಯುತ್ತಾಳೆ, ನಾನೂ ಉಳಿಯುತ್ತೇನೆ. ಆಪರೇಟರ್‌ನ ಕಣ್ಣಿಗೆ ನ್ಯಾಯ ಸಿಗುತ್ತದೆ. ಹೇಳಬೇಕು ಎಂದು ಬಾಯಿ ತೆರೆದೆ.

"ನಾನು ಉಪಯೋಗಿಸ್ತೀನಿ," ಎಂದಳು ಅಕ್ಕ.

ಎಲ್ಲರೂ ಅವಳ ಕಡೆ ತಿರುಗಿದರು.

"ಮಣಿ ಕಾಯಿಸಿದ್ದು ನಾನು. ಪೇಸ್ಟ್ ಹಾಕಿದ್ದೂ ನಾನೇ. ಇವಳು ಊಟಕ್ಕೆ ಹೋದಾಗ ಬಂದಿದ್ದೆ. ಪುಟ್ಟಿಗೆ ಏನೂ ಗೊತ್ತಿಲ್ಲ."

"ಎಷ್ಟು ಬಿಸಿ ಇಟ್ಟಿರಿ?" ಎಂದರು ಸರ್ವೇಯರ್, ಕ್ಷಣವೂ ಬಿಡದೆ.

"ಎಂಬತ್ತು ಡಿಗ್ರಿ."

"ಎಂಬತ್ತಕ್ಕೆ ಮಣಿ ಬೆಚ್ಚಗಾಗಬಹುದು. ಸೀಳಲ್ಲ."

"ಹಾಗಾದ್ರೆ ಜಾಸ್ತಿ ಇಟ್ಟಿರಬೇಕು. ನೆನಪಿಲ್ಲ."

"ನೀವೇ ಹಾಕಿ, ನೀವೇ ನೋಡಬಾರದು ಅಂತ ನೀಲಿ ಮಾಡಿದ್ರಾ?"

"ನಿಮಗೆ ಒಂದು ಹೆಸರು ಬೇಕಿತ್ತು. ಕೊಟ್ಟಿದೀನಿ ಮೇಡಂ. ಸರ್, ನೀವು ಫೋನ್ ಮಾಡಿ."

ಮ್ಯಾನೇಜರ್ ಜೇಬಿಗೆ ಕೈ ಹಾಕಿದರು. "ಒಪ್ಕೊಂಡ್ಮೇಲೆ ಇನ್ನೇನು," ಎಂದು ಗೊಣಗಿದರು.

ನನ್ನ ಕಣ್ಣು ತುಂಬಿ ಬಂತು. ಅಕ್ಕ ನನ್ನನ್ನೇ ಅನುಮಾನಿಸಿದ್ದಾಳೆ. ನನ್ನೊಳಗಿನ ಹೊಟ್ಟೆಕಿಚ್ಚು ಅವಳಿಗೆ ಮೊದಲಿನಿಂದ ಗೊತ್ತಿದೆ. ಗೊತ್ತಿದ್ದೂ ನನ್ನನ್ನು ಸೆರಗಿನ ಹಿಂದೆ ಹಾಕಿಕೊಂಡು ತಾನು ಮುಂದೆ ನಿಂತಿದ್ದಾಳೆ. ಓಡಿಹೋಗಿ ಅವಳ ಕೈ ಹಿಡಿಯಬೇಕು ಎನ್ನಿಸಿತು. ಒಂದು ಹೆಜ್ಜೆ ಇಟ್ಟೆ ಕೂಡ.

ಆಗ ಅವಳ ಕಣ್ಣು ಕಂಡಿತು.

ಅದು ನನ್ನ ಮೇಲೆ ಇರಲಿಲ್ಲ. ಪುಟ್ಟಿ ಎಂದಾಗಲೂ ಇರಲಿಲ್ಲ. ಸಿಂಕಿನ ಹತ್ತಿರ ನಿಂತವರ ಮೇಲೆ ನೆಟ್ಟಿತ್ತು. ಬೈಗುಳವಿಲ್ಲ, ಪ್ರಶ್ನೆಯಿಲ್ಲ. ಆಳವಾದ ಬಾವಿಗೆ ಹಗ್ಗ ಇಳಿಬಿಟ್ಟವರು ಕೆಳಗೆ ನೋಡುವ ಹಾಗೆ ನೋಡುತ್ತಿದ್ದಳು. ಅವರು ಕಣ್ಣು ತಪ್ಪಿಸಿ ನಲ್ಲಿಯ ಕಡೆ ನೋಡಿದರು.

ಅವಳಿಗೂ ಗೊತ್ತಾಗಿದೆ. ಬೆಂಚಿನ ಮೇಲೆ, ನಾನು ಮುಟ್ಟಿಲ್ಲ ಎಂದು ಅವರು ಅಂದ ಮೇಲೆ ಗೀರನ್ನು ಮುಟ್ಟಿದಾಗಲೇ ಗೊತ್ತಾಗಿರಬೇಕು. ಅವಳು ಬಿಡಿಸಲು ಹೊರಟದ್ದು ತಂಗಿಯನ್ನಲ್ಲ.

ನನ್ನ ಒಳಗೂ ಬಿಸಿಯ ಗುಂಡಿ ಕೊನೆಯವರೆಗೆ ತಿರುಗಿತು. ಅವರನ್ನು ಮದುವೆಯಾಗುವುದು ಅವಳ ಪಾಲಿಗೆ ಬಂತು, ಸರಿ. ಅವರಿಗೆ ನೀರು ಕೊಡುವುದು, ತಿಂದಿರಾ ಎಂದು ಕೇಳುವುದು, ಅದೂ ಸರಿ. ಅವರಿಗಾಗಿ ಹಾಳಾಗುವುದೂ ಅವಳಿಗೇ ಸಲ್ಲಬೇಕೆ? ಜೈಲಿನ ಬಾಗಿಲಲ್ಲಿ ನಿಂತು ಅವರು ಜೀವನವಿಡೀ ಅವಳನ್ನೇ ನೆನೆಯಬೇಕೆ?

"ಅಕ್ಕ ಸುಳ್ಳು ಹೇಳ್ತಿದಾಳೆ," ಎಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮ್ಯಾನೇಜರ್ ಫೋನನ್ನು ಕಿವಿಯಿಂದ ಕೆಳಗಿಳಿಸಿದರು.

"ಮಾಡಿದ್ದು ನಾನು. ಓವನ್ ನನ್ನದು. ಕೀಲಿ ನನ್ನದು. ಬೇರೆ ಯಾರೂ ಇಲ್ಲಿಗೆ ಬರಲ್ಲ. ಯಾವತ್ತೂ ಬಂದಿಲ್ಲ."

"ಪುಟ್ಟಿ, ಬಾಯಿ ಮುಚ್ಚು," ಎಂದಳು ಅಕ್ಕ.

"ನೀನು ಮುಚ್ಚು. ಎಲ್ಲಾದ್ರಲ್ಲೂ ನೀನೇ ಮುಂದೆ ನಿಲ್ಬೇಕಾ?"

"ನಿನಗೆ ಅರ್ಥ ಆಗ್ತಿಲ್ಲ."

"ಎಲ್ಲ ಅರ್ಥ ಆಗಿದೆ ಕಣೇ. ನಿನಗಿಂತ ಮುಂಚೆ ಅರ್ಥ ಆಗಿದೆ."

ಅಕ್ಕನ ಕಣ್ಣು ಈಗ ನನ್ನ ಮೇಲೆ ಬಂತು. ಎಷ್ಟೋ ಕಾಲದಿಂದ ಒಂದೇ ಹಾಸಿಗೆಯಲ್ಲಿ ಮಲಗಿದ ಹುಡುಗಿಯನ್ನು ಹೊಸದಾಗಿ ನೋಡುವಂತೆ ನೋಡಿದಳು. ನಾನು ಯಾಕೆ ಹೀಗೆ ಹೇಳಿದೆ ಎನ್ನುವುದು ಅವಳ ಮುಖದ ಮೇಲೆ ನಿಧಾನವಾಗಿ ಹರಡಿತು, ಸೋಸುವ ಬಟ್ಟೆಯ ಮೇಲೆ ಎಣ್ಣೆ ಹರಡುವ ಹಾಗೆ.

"ಚೆನ್ನಾಗಿದೆ," ಎಂದರು ಮ್ಯಾನೇಜರ್. "ಬೆಳಿಗ್ಗೆ ಒಪ್ಕೊಳ್ಳೋರು ಒಬ್ಬರೂ ಇರಲಿಲ್ಲ, ಈಗ ಇಬ್ಬರು. ಪೊಲೀಸರಿಗೆ ಯಾವ ಹೆಸರು ಹೇಳ್ಲಿ ಮೇಡಂ?"

ಸರ್ವೇಯರ್ ಅಕ್ಕನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಈ ಕೋಣೆಯಲ್ಲಿ ಇದುವರೆಗೆ ತುಟಿ ಬಿಚ್ಚದವರ ಮೇಲೆ ಅವರ ನೋಟ ನಿಂತಿತ್ತು. ನಾವಿಬ್ಬರೂ ಆ ಕಡೆಗೇ ತಿರುಗಿದೆವು.

ಒಬ್ಬಳು ಅವರ ಹೆಂಡತಿಯಾಗುವವಳು. ಇನ್ನೊಬ್ಬಳು ಏನೂ ಆಗದವಳು. ಈ ಇಬ್ಬರಲ್ಲಿ ಯಾರೋ ಒಬ್ಬಳನ್ನು ಅವರು ತಡೆಯುತ್ತಾರೆ. ಯಾರನ್ನು ಎಂದು ತಿಳಿಯಲು ನಾನು ಕಾದೆ. ಅಕ್ಕನೂ ಕಾಯುತ್ತಿದ್ದಳು.

ಫಿಟ್ಟರ್ ನಲ್ಲಿ ತಿರುಗಿಸಿ ಕೈ ತೊಳೆದುಕೊಂಡರು. ನನ್ನ ಟವೆಲ್ಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. ಟವೆಲ್ಲನ್ನು ನೀಟಾಗಿ ಮಡಚಿ ಕೊಕ್ಕೆಗೆ ಹಾಕಿದರು.

"ಇದು ಅಕ್ಕತಂಗಿಯರ ವಿಷಯ," ಎಂದರು. "ಹಾಗಾದ್ರೆ ನಾನಿನ್ನು ಹೋಗಬಹುದಾ ಮೇಡಂ? ಕೆಳಗಡೆ ಎರಡನೇ ಗೇರ್‌ಬಾಕ್ಸ್ ಓಡ್ತಾ ಇದೆ. ಅದರ ಬ್ರೀದರ್ ನೋಡ್ಬೇಕು."

ಸರ್ವೇಯರ್ ಬಾಗಿಲಿನಿಂದ ಬೆನ್ನು ತೆಗೆಯಲಿಲ್ಲ.

"ಇವರ ಅಪ್ಪಣೆ ಇಲ್ಲದೆ ಮುಟ್ಟಲ್ಲ ಅಂದಿದ್ರಲ್ಲ. ಅದನ್ನ ಯಾವಾಗ ಬಿಚ್ಚಿದ್ರಿ?" ಎಂದು ಕೇಳಿದರು.